ಇಡೀ ಡಿಪೋಗೆ ಗೊತ್ತಿದ್ದ ಹುಡುಗಿ

ಬಸ್ಸಿನ ಮುಂಬಾಗಿಲ ಪಕ್ಕದ ಕಂಬಕ್ಕೆ ಒಂದು ಕೆಂಪು ಗೆರೆ ಬಳಿದಿತ್ತು. ಗೆರೆಗಿಂತ ಕುಳ್ಳಗಿರುವ ಮಗುವಿಗೆ ಟಿಕೆಟ್ ಬೇಡ, ತಲೆ ಗೆರೆ ದಾಟಿದರೆ ಅರ್ಧ ಟಿಕೆಟ್. ಬೇರೆ ಕಂಡಕ್ಟರುಗಳು ಆ ಗೆರೆಯನ್ನು ಕಂಡೂ ಕಾಣದವರ ಹಾಗೆ ಇದ್ದುಬಿಡುತ್ತಿದ್ದರು. ಈ ಬಸ್ಸಿನ ಕಂಡಕ್ಟರ್ ಹಾಗಲ್ಲ. ಅದಕ್ಕೇ ಇವನಿಗೆ ಕಂಬದ ಕಂಡಕ್ಟರ್ ಎಂದು ಹೆಸರು ಬಿದ್ದಿತ್ತು.

ಆ ಬೆಳಿಗ್ಗೆಯೂ ಒಬ್ಬ ತಾಯಿಯ ಜೊತೆ ಜಗಳ ನಡೆದಿತ್ತು.

"ನಾಲ್ಕೇ ವರ್ಷ ಕಣ್ರೀ ಇವನಿಗೆ. ಹೆತ್ತವಳು ನಾನು ಹೇಳ್ತಿಲ್ವಾ?"

"ಹೆತ್ತವರು ಹತ್ತು ಹೇಳ್ತಾರಮ್ಮ, ಕಂಬ ಒಂದೇ ಹೇಳೋದು. ಬಾರಪ್ಪಾ ಇಲ್ಲಿ, ಬೆನ್ನು ನೆಟ್ಟಗೆ ಮಾಡು. ಮಂಡಿ ಬಗ್ಗಿಸಬೇಡ, ಮಂಡಿ!"

ತಾಯಿ ಮನೆಯಲ್ಲೇ ಹೇಳಿಕೊಟ್ಟು ಕರೆತಂದಿದ್ದಳೇನೋ, ಹುಡುಗ ನಿಯತ್ತಾಗಿ ಮಂಡಿ ಬಗ್ಗಿಸಿಯೇ ನಿಂತಿದ್ದ. ಬಸ್ಸೆಲ್ಲ ನಕ್ಕಿತು. ಕಂಡಕ್ಟರನೂ ನಗುತ್ತಲೇ ಅರ್ಧ ಟಿಕೆಟ್ ಹರಿದು ಅವಳ ಕೈಗಿಟ್ಟ. ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ರೈಟುವಿನ ಅಮ್ಮ. ಅಳುತ್ತಿದ್ದಳು. ಕಾರ್ಖಾನೆ, ಯಂತ್ರ, ಕೈ ಎಂಬ ಮೂರು ಮಾತು ಬಿಟ್ಟರೆ ಅವನಿಗೆ ಬೇರೇನೂ ತಿಳಿಯಲಿಲ್ಲ. ಉಳಿದ ದಾರಿ ಅವನು ಯಾರ ಮಗುವನ್ನೂ ಕಂಬಕ್ಕೆ ನಿಲ್ಲಿಸಲಿಲ್ಲ.

ರೈಟು ಅವನ ಬಸ್ಸಿನಲ್ಲೇ ಹುಟ್ಟಿದ ಹುಡುಗಿ. ತುಂಬಿದ ಬಸ್ಸು, ಸೇತುವೆಯ ಹತ್ತಿರ ವಾಹನಗಳ ಸಾಲು, ಆಸ್ಪತ್ರೆಗೆ ಹೊರಟಿದ್ದ ಬಸುರಿಗೆ ಅಲ್ಲೇ ನೋವು ಬಂದಿತ್ತು. ಯಾರೋ ಒಬ್ಬ ಅಜ್ಜಿ ಗಂಡಸರನ್ನೆಲ್ಲ ಹಿಂದಕ್ಕಟ್ಟಿ ಹೆಂಗಸರ ಸೀಟಿನಲ್ಲೇ ಹೆರಿಗೆ ಮಾಡಿಸಿದಳು. ಕಂಡಕ್ಟರ್ ತನ್ನ ಖಾಕಿ ಅಂಗಿ ಬಿಚ್ಚಿ ಮಗುವನ್ನು ಸುತ್ತಲು ಕೊಟ್ಟ. ಗಾಬರಿಯಲ್ಲಿ ಬೇರೆ ಮಾತು ಹೊರಡದೆ ಡ್ರೈವರ್ ಕಡೆ ತಿರುಗಿ "ರೈಟ್! ರೈಟ್!" ಎಂದು ಗಂಟಲು ಹರಿಯುವಂತೆ ಕೂಗಿದ. ಹುಟ್ಟಿದ ಮಗು ಕೇಳಿದ ಮೊದಲ ಮಾತು ಅದೇ ಎಂದು ಡಿಪೋದವರೆಲ್ಲ ಸೇರಿ ಅವಳನ್ನು ರೈಟು ಎಂದು ಕರೆದರು. ಮನೆಯಲ್ಲಿಟ್ಟ ಹೆಸರು ಮೂಲೆ ಸೇರಿತು.

ಡಿಪೋಗೆ ಆ ಮಗು ಎಂದರೆ ಹೆಮ್ಮೆ. ಹೊಸ ಬಸ್ಸು ಆ ದಾರಿಯಲ್ಲಿ ಓಡಿದ ಮೊದಲ ದಿನವೇ ಅವಳು ಹುಟ್ಟಿದ್ದರಿಂದ ತಾರೀಕನ್ನು ಯಾರೂ ಮರೆಯಲಿಲ್ಲ. ಪ್ರತಿ ವರ್ಷ ಆ ದಿನ ಅವಳನ್ನು ಡ್ರೈವರ್ ಪಕ್ಕ ಕೂರಿಸಿ ಕೊನೆಯ ನಿಲ್ದಾಣದವರೆಗೆ ಮೆರೆಸಿ ತರುತ್ತಿದ್ದರು. ಕಂಡಕ್ಟರನನ್ನು ಅವಳು ಮಾವ ಎಂದಳು. ಅವಳ ತಾಯಿ ಇವನಿಗೆ ಒಡಹುಟ್ಟದ ತಂಗಿಯಾದಳು.

ಆದರೆ ಅವಳು ಹುಟ್ಟಿದ್ದನ್ನು ಯಾರೂ ಬರೆಸಲಿಲ್ಲ. ಆಸ್ಪತ್ರೆಯವರು, "ಇಲ್ಲಿ ಹುಟ್ಟಿದ್ದಲ್ಲ, ಹುಟ್ಟಿ ಬಂದಿದ್ದು. ನಾವು ಹೇಗೆ ಬರ್ಕೊಡೋದು?" ಎಂದರು. ಗಾರೆ ಕೆಲಸದ ಅಪ್ಪ ಒಂದು ದಿನದ ಕೂಲಿ ಬಿಟ್ಟು ಸೇತುವೆಯ ಈಚಿನ ನೋಂದಣಿ ಕಚೇರಿಗೆ ಹೋದ. ಅವರು ಆಚಿನ ಕಚೇರಿಗೆ ಕಳಿಸಿದರು. ಆಚಿನವರು ಈಚೆಗೆ ಅಟ್ಟಿದರು. ಅವನು ಡಿಪೋಗೆ ಬಂದು ತಲೆ ಚಚ್ಚಿಕೊಂಡಾಗ ಕಂಡಕ್ಟರ್ ಅವನ ಬೆನ್ನು ತಟ್ಟಿ, "ಇಡೀ ಡಿಪೋಗೇ ಗೊತ್ತಿರೋ ಮಗು ಕಣಯ್ಯ, ಇವಳಿಗ್ಯಾಕೆ ಕಾಗದ?" ಎಂದು ನಕ್ಕಿದ್ದ. ಎಲ್ಲರೂ ನಕ್ಕಿದ್ದರು. ಮುಂದೆ ಆ ಅಪ್ಪ ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋದವನು ಹೆಂಡತಿ ಮಕ್ಕಳ ಕಡೆ ತಿರುಗಿಯೂ ನೋಡಲಿಲ್ಲ.

ಕಿರಿಯ ಶಾಲೆಯವರು ಬಾಯಿಮಾತಿನ ಮೇಲೆ ಸೇರಿಸಿಕೊಂಡರು. ದೊಡ್ಡ ಶಾಲೆಯವರು ಜನನ ಪತ್ರ ತನ್ನಿ ಎಂದರು. ಇಲ್ಲದಿದ್ದರೆ ಬರಬೇಡಿ ಎಂದೇನೂ ಹೇಳಲಿಲ್ಲ, ತಂದ ಮೇಲೆ ಬನ್ನಿ ಎಂದರು. ಎರಡಕ್ಕೂ ಅರ್ಥ ಒಂದೇ. ರೈಟು ಕೆಲವು ದಿನ ಮನೆಯಲ್ಲಿ ಕೂತಳು, ಆಮೇಲೆ ಅಮ್ಮ ಅಂಟು ಹಚ್ಚುತ್ತಿದ್ದ ರಟ್ಟಿನ ಪೆಟ್ಟಿಗೆ ಕಾರ್ಖಾನೆಗೆ ಅವಳ ಹಿಂದೆಯೇ ಹೋದಳು. ಮೊದಲು ಪೆಟ್ಟಿಗೆ ಮಡಚುವ ಕೆಲಸ, ಆಮೇಲೆ ರಟ್ಟು ಕತ್ತರಿಸುವ ಯಂತ್ರ.

ಕಂಡಕ್ಟರ್ ಡ್ಯೂಟಿ ಮುಗಿಸಿ ಆಸ್ಪತ್ರೆ ಮುಟ್ಟಿದಾಗ ಅವಳ ಬಲಗೈ ಬ್ಯಾಂಡೇಜಿನಲ್ಲಿ ಉಂಡೆಯಾಗಿತ್ತು. ತೋರುಬೆರಳು, ನಡುಬೆರಳು ಎರಡೂ ಹೋಗಿದ್ದವು. ತಾಯಿ ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತಿದ್ದಳು. ರೈಟು ಅಳುತ್ತಿರಲಿಲ್ಲ. 

"ಮಾವ, ನನಗೆ ಹದಿನೆಂಟು ಅಂತ ಒಪ್ಪಿಕೊಂಡ್ರೆ ಅಮ್ಮನ ಕೆಲಸ ಉಳಿಯುತ್ತಂತೆ," ಎಂದಳು.

"ಯಾರು ಹೇಳಿದ್ದು?"

"ಮಾಲೀಕರ ಕಡೆಯವರು ಬಂದಿದ್ರು. ಒಂದು ಹಾಳೆ ತಂದಿದ್ರು. ಸಹಿ ಹಾಕು ಅಂದ್ರು. ಕೈ ತೋರಿಸ್ದೆ. ಪರವಾಗಿಲ್ಲ, ಹೆಬ್ಬೆಟ್ಟಿದೆಯಲ್ಲ ಅಂದ್ರು."

ಕಂಡಕ್ಟರನ ಮೈ ಉರಿದುಹೋಯಿತು. ಹೆಬ್ಬೆಟ್ಟಿದೆಯಲ್ಲ! ಎರಡು ಬೆರಳು ತಿಂದು ಮೂರನೆಯದರಿಂದ ಮುದ್ರೆ ಒತ್ತಿಸಿಕೊಳ್ಳಲು ಬಂದ ಬಾಯಿಗೆ ಏನು ಹೇಳಬೇಕು?

"ಒತ್ತಿದೆಯಾ?"

"ಇಲ್ಲ. ಮಾವನ್ನ ಕೇಳಿ ಹೇಳ್ತೀನಿ ಅಂದೆ."

ತಾಯಿ ಸೆರಗಿನ ತುದಿಯಲ್ಲಿ ಮೂಗೊರೆಸಿಕೊಂಡು, "ಒತ್ತಿಬಿಡೋದೇ ವಾಸಿ ಏನೋ ಅಣ್ಣ. ಹೋದ ಬೆರಳಂತೂ ಬರಲ್ಲ. ಇವಳ ತಮ್ಮನ ಹೊಟ್ಟೆಗೆ ಏನು ಹಾಕ್ಲಿ?" ಎಂದಳು.

"ಒತ್ತಬೇಡ್ರಿ," ಎಂದ ಅವನು. "ಒತ್ತಿದ್ರೆ ತಪ್ಪೆಲ್ಲ ಇವಳದ್ದೇ ಆಗುತ್ತೆ. ಗುಣ ಆದ ಮೇಲೆ ಅದೇ ಯಂತ್ರದ ಮುಂದೆ ಇನ್ನೊಂದು ಕೈ ಇಟ್ಟು ನಿಲ್ಲಿಸ್ತಾರೆ."

ಕಂಡಕ್ಟರ್ ತಾಯಿಯಿಂದ ಕಾರ್ಮಿಕ ಇಲಾಖೆಗೆ ದೂರು ಕೊಡಿಸಿದ. ಅಲ್ಲಿನ ಅಧಿಕಾರಿ ಕನ್ನಡಕ ಹಾಕಿದ, ನಿಧಾನವಾಗಿ ಮಾತಾಡುವ ಹೆಂಗಸು. ಅವಳ ಕೋಣೆಯಲ್ಲಿ ಮೇಜಿನ ಒಂದು ಕಡೆ ಮಾಲೀಕ, ಇನ್ನೊಂದು ಕಡೆ ತಾಯಿ, ಮಗಳು, ಕಂಡಕ್ಟರ್. ಮಾಲೀಕ ಕೂಗಾಡುವ ಮನುಷ್ಯನಲ್ಲ. ಇಸ್ತ್ರಿ ಮಾಡಿದ ಅಂಗಿ, ಮೆತ್ತನೆಯ ದನಿ.

"ಮೇಡಂ, ಇವರ ಮನೆ ಒಲೆ ಉರೀತಿರೋದು ನನ್ನ ಕಾರ್ಖಾನೆಯಿಂದ. ಕೆಲಸ ಕೊಡಿ ಕೊಡಿ ಅಂತ ಇವರೇ ಬಂದು ಕಾಲು ಹಿಡಿದ್ರು. ವಯಸ್ಸೆಷ್ಟಮ್ಮಾ ಅಂತ ಕೇಳಿಯೇ ತಗೊಂಡಿದ್ದು. ಹದಿನೆಂಟು ಅಂದ್ರು."

"ಹದಿನಾಲ್ಕು ಅಂದಿದ್ದೆ ಸ್ವಾಮೀ!" ತಾಯಿ ಎದ್ದೇ ನಿಂತಳು. "ಹದಿನಾಲ್ಕು ಅಂದಿದ್ದೆ!"

"ಯಂತ್ರದ ಸದ್ದಲ್ವಾ? ನನಗೆ ಹದಿನೆಂಟು ಅಂತ ಕೇಳಿಸ್ತು," ಎಂದು ಅವನು ನಕ್ಕ. "ಇರಲಿ. ಕಾಗದ ತೋರಿಸಲಿ, ಒಪ್ತೀನಿ."

ಅಧಿಕಾರಿ ವೈದ್ಯರ ವರದಿ ತೆಗೆದಳು. ಹಲ್ಲು ನೋಡಿ, ಮೂಳೆಯ ಚಿತ್ರ ತೆಗೆದು ಅವರು ಬರೆದಿದ್ದು ಒಂದೇ ಸಾಲು: ವಯಸ್ಸು ಹದಿನೈದರಿಂದ ಹದಿನೆಂಟರ ನಡುವೆ ಇರಬಹುದು.

"ನೋಡಿ, ಹದಿನೆಂಟು ಅಂತ ವೈದ್ಯರೇ ಹೇಳಿದಾರೆ," ಎಂದ ಮಾಲೀಕ.

ಕಂಡಕ್ಟರನಿಗೆ ತಡೆಯಲಾಗಲಿಲ್ಲ. "ಇದೇನು ತರಕಾರಿ ತೂಕಾನಾ ಮೇಡಂ, ಅತ್ತಿತ್ತ ಹಾಕೋಕೆ? ಬೆಳೆಯೋ ಮಗು ಬಾಯಿ ಬಿಡಿಸಿ, ಸಂತೆ ದನದ ಹಾಗೆ ಹಲ್ಲು ನೋಡಿದ್ದೀರಿ! ನನ್ನ ಬಸ್ಸಲ್ಲಿ ಹುಟ್ಟಿದ ಹುಡುಗಿ ಇವಳು. ನನ್ನ ಅಂಗೀಲಿ ಸುತ್ತಿದ್ದು. ಹುಟ್ಟಿದ ದಿನ ನಾನು ಹೇಳ್ತೀನಿ, ಬರ್ಕೊಳ್ಳಿ. ಬೇಕಾದ್ರೆ ಡಿಪೋಗೆ ಬಂದು ಯಾರನ್ನಾದ್ರೂ ಕೇಳಿ!"

ಮಾಲೀಕ ಅವನ ಕಡೆಗೆ ತಿರುಗಿದ. ಅವನ ದನಿ ಇನ್ನೂ ಮೆತ್ತಗಾಯಿತು. "ನೀವು ಕಂಬದ ಕಂಡಕ್ಟರ್ ಅಲ್ವಾ? ನನ್ನ ಕೆಲಸದ ಹೆಂಗಸರೆಲ್ಲ ನಿಮ್ಮ ಬಸ್ಸಲ್ಲೇ ಬರೋದು. ತಾಯಿ ಎದುರಿಗೆ ನಿಂತು ನನ್ನ ಮಗುಗೆ ನಾಲ್ಕೇ ವರ್ಷ ಅಂದ್ರೆ ನೀವು ನಂಬ್ತೀರಾ? ಹೆತ್ತ ತಾಯಿ ಮಾತು ನಂಬದವರು, ನಿಮ್ಮ ಮಾತು ನಾವು ನಂಬಬೇಕು ಅಂತೀರಲ್ಲ!"

 ಎಷ್ಟು ಮಕ್ಕಳನ್ನು ಕಂಡಕ್ಟರ್ ಆ ಕಂಬಕ್ಕೆ ನಿಲ್ಲಿಸಿದ್ದ! ಎಷ್ಟು ಜನ ತಾಯಂದಿರ ಮಾತನ್ನು ನಗುತ್ತ ತಳ್ಳಿಹಾಕಿದ್ದ! ಎದುರಿಗಿದ್ದವನ ಮಾತಿನಲ್ಲಿ ಹುರುಳಿದೆ ಎಂಬುದೇ ಅವನಿಗೆ ಹೆಚ್ಚು ಸಿಟ್ಟು ತರಿಸಿತು.

ಅಧಿಕಾರಿ ಕನ್ನಡಕ ತೆಗೆದಿಟ್ಟಳು. "ನನಗೂ ಕಣ್ಣಿದೆ. ಈ ಹುಡುಗಿ ಎಷ್ಟು ದೊಡ್ಡವಳು ಅಂತ ಕಾಣುತ್ತೆ. ಆದರೆ ನನಗೆ ಕಂಡದ್ದನ್ನ ಆದೇಶದಲ್ಲಿ ಬರೆಯೋಕಾಗಲ್ಲ. ಬರೆದ್ರೆ ಇವರ ವಕೀಲರು ಹರಿದುಹಾಕ್ತಾರೆ. ಮುಂದಿನ ವಿಚಾರಣೆ ಹೊತ್ತಿಗೆ ಜನನ ಪತ್ರ ತನ್ನಿ. ಅದಿದ್ರೆ ಇವಳು ಮಗು, ಇವಳನ್ನ ಯಂತ್ರದ ಮುಂದೆ ನಿಲ್ಲಿಸಿದ್ದೇ ಅಪರಾಧ. ಇಲ್ಲದಿದ್ರೆ ಇವಳು ದೊಡ್ಡವಳು, ಅಜಾಗ್ರತೆಯಿಂದ ಕೈ ಕೊಟ್ಟವಳು."

"ಹುಟ್ಟಿದ್ದೊಂದು, ಬರೆದಿದ್ದೊಂದಾ ಮೇಡಂ?" ಎಂದ ಕಂಡಕ್ಟರ್.

"ಬರೆದೇ ಇಲ್ವಲ್ಲ. ತೊಂದರೆ ಅದೇ."

ನೋಂದಣಿ ಕಚೇರಿ ಅವನ ಬಸ್ಸಿನ ದಾರಿಯಲ್ಲೇ ಇತ್ತು, ಎರಡು ನಿಲುಗಡೆಗಳ ನಡುವೆ, ಸೇತುವೆ ಇಳಿದ ಮೇಲೆ. ಹಳದಿ ಗೋಡೆ, ತುಕ್ಕು ಹಿಡಿದ ಗೇಟು. ದಿನಾ ಅದರ ಮುಂದೆ ಹಾದುಹೋಗುತ್ತಿದ್ದವನು ಒಂದು ದಿನವೂ ಒಳಗೆ ಕಾಲಿಟ್ಟಿರಲಿಲ್ಲ. ಈಗ ರಜೆ ಹಾಕಿ, ತಾಯಿ ಮಗಳನ್ನು ಕರೆದುಕೊಂಡು ಹಿಂದಿನ ನಿಲುಗಡೆಯಲ್ಲಿ ಇಳಿದು ಬಿಸಿಲಿನಲ್ಲಿ ನಡೆದ. ರೈಟುವಿನ ಕೈ ನೋಯುತ್ತಿತ್ತು. ನಡೆಯುವಾಗ ಅದನ್ನು ಎದೆಗೆ ಒತ್ತಿಕೊಂಡಿದ್ದಳು. ಕಚೇರಿಯ ಮುಂದೆ ಒಂದು ನಿಲುಗಡೆ ಇಡಲು ಇವರಿಗೆ ಏನು ಧಾಡಿ ಎಂದು ಅವನು ಗೊಣಗಿದ. ಇವರು ಎಂದರೆ ತಾನೂ ಸೇರಿದಂತೆ ಎನ್ನುವುದು ಆಮೇಲೆ ಹೊಳೆಯಿತು.

ಗುಮಾಸ್ತ ಕಥೆಯನ್ನೆಲ್ಲ ಕೇಳಿದ. "ಇಷ್ಟು ವರ್ಷ ಏನ್ ಮಾಡ್ತಿದ್ರಿ? ಮಗು ಹುಟ್ಟಿದಾಗ ಒಬ್ಬರೂ ಬರಲ್ಲ. ಕೈ ಮುರೀಬೇಕು, ಇಲ್ಲ ಪೊಲೀಸು ಬರಬೇಕು, ಆಗ ಓಡಿ ಬರ್ತೀರಿ. ಆ ವಾರವೇ ಬಂದಿದ್ರೆ ಒಂದು ಸಹೀಲಿ ಮುಗೀತಿತ್ತು."

"ಬಂದಿದ್ರು!" ತಾಯಿ ಕೂಗಿದಳು. ಇಷ್ಟು ಹೊತ್ತೂ ಸುಮ್ಮನಿದ್ದವಳ ದನಿಗೆ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಕೂಲಿ ಬಿಟ್ಟು ಬಂದಿದ್ರು ನಮ್ಮನೆಯವರು. ಇದೇ ಕಿಟಕಿ. ಸೇತುವೆ ಆಚೆಗೆ ಹೋಗು ಅಂತ ಕಳಿಸಿದ್ದು ನೀವೇ. ಆಚೆಯವರು ಇಲ್ಲಿಗೆ ಕಳಿಸಿದ್ರು. ನನ್ನ ಮಗಳೇನು ಚೆಂಡಾ, ನೀವು ಒದೀರಿ, ಅವರು ಒದೀಲಿ ಅಂತ?"

ಗುಮಾಸ್ತ ಕೆಮ್ಮಿದ. ಬೈಸಿಕೊಂಡಿದ್ದಕ್ಕಿಂತ, ಅದು ನಿಜವಿರಬಹುದು ಎಂಬ ಅನುಮಾನ ಅವನನ್ನು ತಣ್ಣಗೆ ಮಾಡಿದಂತಿತ್ತು. "ಆಗ ನಾನಿರಲಿಲ್ಲಮ್ಮ," ಎಂದ. "ಸೇತುವೆ ನಡುವಿನ ತನಕ ನಮ್ಮದು, ಅಲ್ಲಿಂದಾಚೆ ಅವರದು. ಈಗ ತಡವಾಗಿರೋದ್ರಿಂದ ನ್ಯಾಯಾಲಯದ ಆದೇಶ ಬೇಕು. ಅವರೂ ಮೊದಲು ಅದನ್ನೇ ಕೇಳೋದು. ಬಸ್ಸು ನಿಂತಿದ್ದು ಎಲ್ಲಿ?"

ಕಂಡಕ್ಟರ್ ತಡವರಿಸಿದ. ಸೇತುವೆಯ ಹತ್ತಿರ ಎಂಬುದು ಗೊತ್ತು. ಆವತ್ತು ಅವನ ಕಣ್ಣು ರಸ್ತೆಯ ಮೇಲಿರಲಿಲ್ಲ. ರಸ್ತೆಯ ಮೇಲೆ ಕಣ್ಣಿದ್ದವನು ಒಬ್ಬನೇ, ಡ್ರೈವರ್. ಡಿಪೋದವರು ದೊಡ್ಡಣ್ಣ ಎಂದು ಕರೆಯುತ್ತಿದ್ದ ಆತ ಈಗ ಕೆಲಸದಿಂದ ನಿವೃತ್ತನಾಗಿ ಮಗಳ ಮನೆಯಲ್ಲಿದ್ದ. ಕಂಡಕ್ಟರ್ ನೇರ ಅಲ್ಲಿಗೆ ಹೋದ. ದೊಡ್ಡಣ್ಣ ರೈಟುವಿನ ಕೈ ಸುದ್ದಿ ಕೇಳಿದವನೇ ಒಳಗೆ ಹೋಗಿ ಹಳೆಯ ಖಾಕಿ ಅಂಗಿ ತೊಟ್ಟು ಬಂದ. ಅದರ ಗುಂಡಿಗಳು ಹೊಟ್ಟೆಯ ಮೇಲೆ ಕೂರುತ್ತಿರಲಿಲ್ಲ.

ನ್ಯಾಯಾಲಯದ ಕೋಣೆಯಲ್ಲಿ ನ್ಯಾಯಾಧೀಶರು ಅದನ್ನೇ ಕೇಳಿದರು. "ಬಸ್ಸು ಸೇತುವೆಯ ಯಾವ ಬದಿಯಲ್ಲಿತ್ತು?"

"ನಡುವೆ ಇತ್ತು ಸ್ವಾಮಿ," ಎಂದ ದೊಡ್ಡಣ್ಣ.

ಕಂಡಕ್ಟರ್ ಗಕ್ಕನೆ ದೊಡ್ಡಣ್ಣನ ಕಡೆ ತಿರುಗಿದ. ಇಷ್ಟು ದೂರ ಬಂದು ಮುದುಕ ಎಲ್ಲ ಕೆಡಿಸಿದನಲ್ಲ!

"ನಡುವೆ ಅಂದ್ರೆ? ಹೀಗೆ ಹೇಳಿದ್ರೆ ಯಾವ ಕಚೇರಿಗೆ ಬರೆಯೋಣ?"

"ಸೇತುವೆ ನಡುಮಧ್ಯ ಒಂದು ಕೂಡು ಇದೆ ಸ್ವಾಮಿ, ಗಾಡಿ ಅದರ ಮೇಲೆ ಧಡ್ ಅನ್ನುತ್ತೆ. ಮುಂದಿನ ಚಕ್ರ ಧಡ್ ಅಂದಿತ್ತು, ಹಿಂದಿನ ಚಕ್ರ ಇನ್ನೂ ಅನ್ನಬೇಕಿತ್ತು. ಅಲ್ಲಿ ಸಾಲು ನಿಂತುಹೋಯ್ತು. ಮೂತಿ ಈಚೆ, ಬಾಲ ಆಚೆ. ಹೆಂಗಸರ ಸೀಟು ಮುಂದಿರೋದಲ್ವಾ? ಮಗು ಹುಟ್ಟಿದ್ದು ಮುಂದೆ. ಅದಕ್ಕೇ ಅವಳು ಈಚೆಯವಳು."

ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. ಬಾಗಿಲ ಬಳಿಯಿದ್ದ ಪೇದೆ ಮುಖ ಆ ಕಡೆ ತಿರುಗಿಸಿ ನಕ್ಕ. "ಹೆಂಗಸರ ಸೀಟು ಮುಂದಿರೋದು," ಎಂದು ನ್ಯಾಯಾಧೀಶರು ಮೆಲ್ಲಗೆ ಹೇಳಿಕೊಂಡು ಮತ್ತೆ ಬರೆಯತೊಡಗಿದರು. ತಾಯಿ ಹೇಳಿದಳು, ಕಂಡಕ್ಟರ್ ಹೇಳಿದ, ಡಿಪೋದಿಂದ ಡ್ಯೂಟಿ ಬದಲಿಸಿಕೊಂಡು ಬಂದಿದ್ದ ಇಬ್ಬರು ತಾರೀಕು ಹೇಳಿದರು. ಎಲ್ಲರ ಮಾತೂ ಕೂಡಿಬಂತು.

ಮುಂದಿನ ವಿಚಾರಣೆಯ ದಿನ ಜನನ ಪತ್ರ ಅಧಿಕಾರಿಯ ಮೇಜಿನ ಮೇಲಿತ್ತು. ಮಾಲೀಕ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಮೊನ್ನೆ ಮೊನ್ನೆ ಬರೆಸಿದ್ದು ಇದು ಮೇಡಂ. ಶಾಯಿ ಕೂಡ ಆರಿಲ್ಲ."

"ಬರೆಸಿದ್ದು ಮೊನ್ನೆ. ಹುಟ್ಟಿದ್ದು ಮೊನ್ನೆ ಅಲ್ಲ," ಎಂದಳು ಅಧಿಕಾರಿ. "ಇವಳು ಮಗು. ಇನ್ನು ನಿಮ್ಮ ಕಾರ್ಖಾನೆ ಒಳಗೆ ಬಂದು ನೋಡ್ತೀನಿ. ಇನ್ನೆಷ್ಟು ಜನರ ವಯಸ್ಸು ನಿಮಗೆ ಯಂತ್ರದ ಸದ್ದಲ್ಲಿ ತಪ್ಪು ಕೇಳಿಸಿದೆಯೋ ನೋಡಬೇಕು." ಆಸ್ಪತ್ರೆಯ ಖರ್ಚು, ಪರಿಹಾರ, ಮೊಕದ್ದಮೆ ಎಲ್ಲವನ್ನೂ ಅವಳು ಒಂದೊಂದಾಗಿ ಬರೆದಳು. ತಾಯಿಯನ್ನು ಕೆಲಸದಿಂದ ತೆಗೆಯುವಂತಿಲ್ಲ ಎಂದೂ ಬರೆದಳು.

ಕಂಡಕ್ಟರನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಕೂತು ಅವನು ಆ ಹಾಳೆಯನ್ನೇ ನೋಡಿದ. ಅಂಗೈಯಗಲದ ಕಾಗದ. ಇದೊಂದು ಮನೆಯಲ್ಲಿದ್ದಿದ್ದರೆ ಹುಡುಗಿ ದೊಡ್ಡ ಶಾಲೆಯ ಬೆಂಚಿನ ಮೇಲಿರುತ್ತಿದ್ದಳು, ಯಂತ್ರದ ಮುಂದಲ್ಲ. ಕಾಗದ ಬಂತು, ಬೆರಳು ಬರಲಿಲ್ಲ. ತಾನು ಮೈಮೇಲಿನ ಅಂಗಿಯನ್ನೇ ಬಿಚ್ಚಿ ಕೊಟ್ಟವನು, ಒಂದು ದಿನ ಅವಳಪ್ಪನ ಜೊತೆ ಆ ತುಕ್ಕು ಹಿಡಿದ ಗೇಟಿನ ಒಳಗೆ ಹೋಗಿ ಕಿಟಕಿಯ ಮುಂದೆ ಜಗಳಕ್ಕೆ ನಿಂತಿದ್ದರೆ ಸಾಕಿತ್ತು. ಟಿಕೆಟಿನ ಚಿಲ್ಲರೆಗೆ ಎಷ್ಟು ಜಗಳ ಆಡಿದ್ದ ಅವನು!

ರೈಟು ಪಕ್ಕದಲ್ಲಿ ಕೂತು ಹಾಳೆಯನ್ನು ಎಡಗೈಯಲ್ಲಿ ಇಸಿದುಕೊಂಡಳು. ತನ್ನ ನಿಜವಾದ ಹೆಸರನ್ನು ಮೊದಲ ಸಲ ಕಂಡವಳಂತೆ ಎರಡೆರಡು ಸಲ ಓದಿದಳು. ಹುಟ್ಟಿದ ಸ್ಥಳ ಎಂಬಲ್ಲಿ 'ಬಸ್ಸಿನಲ್ಲಿ, ಸೇತುವೆಯ ಈಚೆ' ಎಂದಿತ್ತು.

"ಮಾವ, ಈಗ ನಾನು ಹುಟ್ಟಿದೀನಿ ಅಲ್ವಾ?"

ಅವನು ಹೂಂ ಎಂದು ತಲೆಯಾಡಿಸಿದ.

ಶಾಲೆ ತೆರೆದ ವಾರ ರೈಟು ಮತ್ತೆ ಅವನ ಬಸ್ಸು ಹತ್ತಿದಳು. ಹೆಂಗಸರ ಸೀಟಿನ ಕಿಟಕಿಯ ಬಳಿ ಕೂತು ತೊಡೆಯ ಮೇಲೆ ಪುಸ್ತಕ ಬಿಚ್ಚಿ ಎಡಗೈಯಲ್ಲಿ ಅಕ್ಷರ ತಿದ್ದುತ್ತಿದ್ದಳು. ಬಸ್ಸು ಅಲುಗಿದಾಗಲೆಲ್ಲ ಅಕ್ಷರ ಸಾಲು ಬಿಟ್ಟು ಓಡುತ್ತಿತ್ತು. ಅವಳ ಪಕ್ಕಕ್ಕೆ ಒಬ್ಬ ಹೆಂಗಸು ಬಂದು ಕೂತಳು. ಮಡಿಲಲ್ಲಿ ಬಟ್ಟೆಯಲ್ಲಿ ಸುತ್ತಿದ ಹಸುಗೂಸು.

ಟಿಕೆಟ್ ಕೊಟ್ಟ ಕಂಡಕ್ಟರ್ ಮುಂದೆ ಹೋಗಲಿಲ್ಲ. "ಮಗು ಹುಟ್ಟಿದ್ದು ಬರೆಸಿದ್ರಾ ತಾಯಿ?"

"ಇಲ್ಲ ಅಣ್ಣ. ಮನೇಲೇ ಹೆರಿಗೆ ಆಗಿದ್ದು. ಬರೆಸಬೇಕಂತೆ. ಹೋದ್ರಾಯ್ತು. ಏನು ಅವಸರ, ಬೀದಿಯವರಿಗೆಲ್ಲ ಗೊತ್ತಲ್ಲ."

ಪುಸ್ತಕದ ಮೇಲಿದ್ದ ಪೆನ್ಸಿಲು ನಿಂತಿತು. ರೈಟು ತನ್ನ ಬಲಗೈಯನ್ನು ಪುಸ್ತಕದ ಅಡಿಯಿಂದ ತೆಗೆದು ಮಡಿಲ ಮೇಲಿಟ್ಟುಕೊಂಡಳು. ಹೆಂಗಸು ಆ ಕೈ ನೋಡಿ ಬೆಚ್ಚಿದಳು.

"ನಾನು ಇಡೀ ಡಿಪೋಗೇ ಗೊತ್ತಿದ್ದೆ ಅಕ್ಕ," ಎಂದಳು ರೈಟು.

ಬಸ್ಸು ಸೇತುವೆ ಹತ್ತಿತು. ನಡುವಿನ ಕೂಡು ಧಡ್ ಎಂದಿತು, ಮತ್ತೊಮ್ಮೆ ಧಡ್ ಎಂದಿತು. ಸೇತುವೆ ಇಳಿದು ಹಳದಿ ಗೋಡೆ ಕಂಡದ್ದೇ ತಡ, ಕಂಡಕ್ಟರ್ ಸೀಟಿ ಊದಿದ. ಡ್ರೈವರ್ ಬೆಚ್ಚಿ ಬ್ರೇಕ್ ಒತ್ತಿದ.

"ಏನ್ರೀ ಕಂಡಕ್ಟ್ರೇ, ಇಲ್ಲೆಲ್ಲಿ ಸ್ಟಾಪ್ ಇದೆ?" ಹಿಂದಿನಿಂದ ಯಾರೋ ರೇಗಿದರು. "ಕೆಲಸಕ್ಕೆ ಹೊತ್ತಾಗುತ್ತೆ."

"ಇವತ್ತಿಂದ ಇದೆ. ದೂರು ಕೊಡೋದಿದ್ರೆ ಕೊಡಿ, ನನ್ನ ನಂಬರು ಅಂಗಿ ಮೇಲಿದೆ," ಎಂದ ಕಂಡಕ್ಟರ್. ಹೆಂಗಸಿನ ಕಡೆ ತಿರುಗಿ, "ಇಳೀರಿ ತಾಯಿ. ಎರಡನೇ ಕಿಟಕಿ. ಬೇರೆ ಕಡೆಗೆ ಕಳಿಸಿದ್ರೆ ಹೋಗಬೇಡಿ, ಅಲ್ಲೇ ನಿಲ್ಲಿ. ವಾಪಸ್ ಬರುವಾಗ ಇಲ್ಲೇ ನಿಲ್ಲಿಸ್ತೀನಿ, ಆಗಲೂ ಆಗಿಲ್ಲ ಅಂದ್ರೆ ನಾನೇ ಬರ್ತೀನಿ," ಎಂದ.

ಹೆಂಗಸು ಒಂದು ಸಲ ಅವನನ್ನು, ಒಂದು ಸಲ ಆ ಕೈಯನ್ನು ನೋಡಿ ಮಗುವನ್ನು ಎದೆಗವಚಿಕೊಂಡು ಇಳಿದಳು. ಬಸ್ಸಿನಲ್ಲಿ ಗೊಣಗಾಟ ಜೋರಾಯಿತು. ಡ್ರೈವರ್ ಕನ್ನಡಿಯಲ್ಲಿ ನೋಡುತ್ತ ಕಾದ. ಕಂಡಕ್ಟರ್ ಕೆಂಪು ಗೆರೆಯ ಕಂಬ ಹಿಡಿದು ಬಾಗಿಲಲ್ಲೇ ನಿಂತಿದ್ದ.

ಕಿಟಕಿಯಿಂದ ಕತ್ತು ಹೊರಗೆ ಹಾಕಿದ್ದ ರೈಟು, ಹೆಂಗಸು ತುಕ್ಕು ಹಿಡಿದ ಗೇಟು ತಳ್ಳಿ ಒಳಗೆ ಹೋಗಿ ಕಿಟಕಿಯ ಸಾಲಿನಲ್ಲಿ ನಿಲ್ಲುವ ತನಕ ನೋಡಿದಳು. ಆಮೇಲೆ ಬಸ್ಸಿನ ತಗಡನ್ನು ಬಲಗೈಯಿಂದ ಎರಡು ಸಲ ಬಡಿದು ಗಟ್ಟಿಯಾಗಿ ಕೂಗಿದಳು.

"ರೈಟ್! ರೈಟ್!"